ದಿನನಿತ್ಯದ ಮೇಕಪ್‌ಗೆ ಸ್ಕಿನ್ ಟಿಂಟ್: ಎಷ್ಟು ಹಚ್ಚಬೇಕು, ಎಲ್ಲಿ ನಿಲ್ಲಿಸಬೇಕು

ಮುಖದ ಬಣ್ಣವನ್ನು ಸಮನಾಗಿ ತೋರಿಸುವ ತೆಳು ಲೇಪವಾದ ಸ್ಕಿನ್ ಟಿಂಟನ್ನು ಹೊಸದಾಗಿ ಕೊಂಡವರಲ್ಲಿ ಬಹಳ ಮಂದಿಯ ದೂರು ಒಂದೇ: "ಹಚ್ಚಿದ್ದೇ ಗೊತ್ತಾಗ್ತಿಲ್ಲ." ಅದಕ್ಕೇ ಇನ್ನೊಂದು ಪದರ ಹಚ್ಚುತ್ತಾರೆ, ಅದರ ಮೇಲೆ ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಮೂಗಿನ ಪಕ್ಕದಲ್ಲಿ ಬಣ್ಣ ಗೆರೆಗಟ್ಟಿರುತ್ತದೆ, ದವಡೆಯ ಅಂಚಿನಲ್ಲಿ ಉಂಡೆಯುಂಡೆಯಾಗಿ ಎದ್ದಿರುತ್ತದೆ. ಇದು ಟಿಂಟ್‌ನ ದೋಷವಲ್ಲ. ಚರ್ಮವನ್ನು ಹೆಚ್ಚು ಮುಚ್ಚುವ ಫೌಂಡೇಶನ್ ಮಾಡಬೇಕಾದ ಕೆಲಸವನ್ನು ಅದರಿಂದ ಮಾಡಿಸಲು ಹೋದದ್ದರ ಫಲ.

ಬಣ್ಣದ ಪುಡಿಗಳ ಮಟ್ಟಿಗೆ ಟಿಂಟ್‌ಗೂ ಫೌಂಡೇಶನ್‌ಗೂ ಭೇದವಿಲ್ಲ. ಎರಡರಲ್ಲೂ ಸಾಮಾನ್ಯವಾಗಿ ಇರುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ, ಜೊತೆಗೆ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್‌ಗಳು. ಪೆಟ್ಟಿಗೆಯ ಹಿಂದಿನ ಪಟ್ಟಿಯಲ್ಲಿ ಸಿಐ (ಕಲರ್ ಇಂಡೆಕ್ಸ್) 77891, 77491, 77492, 77499 ಎಂದು ಕಾಣುವುದು ಇವೇ. ವ್ಯತ್ಯಾಸ ಪ್ರಮಾಣದಲ್ಲಿದೆ. ಟಿಂಟ್‌ನಲ್ಲಿ ಪುಡಿ ಕಡಿಮೆ, ದ್ರವ ಹೆಚ್ಚು. ಹಾಗಾಗಿ ಪದರವನ್ನು ದಾಟಿ ಬೆಳಕು ಚರ್ಮದವರೆಗೂ ಹೋಗಿ ಮರಳುತ್ತದೆ. ಮಚ್ಚೆ ಕಾಣುತ್ತದೆ, ರಂಧ್ರಗಳು ಕಾಣುತ್ತವೆ, ಹಳೆಯ ಮೊಡವೆಯ ಕಲೆಯೂ ತುಸು ಮಸುಕಾಗಿ ಕಾಣುತ್ತದೆ. ಕಡಿಮೆಯಾಗುವುದು ಅಕ್ಕಪಕ್ಕದ ಬಣ್ಣಗಳ ನಡುವಿನ ಅಂತರ: ಮೂಗಿನ ಬದಿಯ ಕೆಂಪು, ಕೆನ್ನೆಯ ಮಂಕು, ತುಟಿಯ ಸುತ್ತಲಿನ ಸ್ವಲ್ಪ ಕಪ್ಪು. ಎದುರಿಗೆ ಕೂತವರಿಗೆ ಮುಖದ ಬಣ್ಣ ಸಮನಾಗಿ ತೋರುತ್ತದೆ. ಹತ್ತಿರ ಬಂದರೂ ಚರ್ಮ ಚರ್ಮದಂತೆಯೇ ಇರುತ್ತದೆ. ದಿನಾ ಹಚ್ಚುವ ಮೇಕಪ್‌ಗೆ ಇದಕ್ಕಿಂತ ಹೆಚ್ಚಿನದು ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹೆಚ್ಚು ಮುಚ್ಚಬೇಕಾದ ಜಾಗ ಯಾವುದಾದರೂ ಇದ್ದರೆ ಅಲ್ಲಿಗಷ್ಟೇ ಕನ್ಸೀಲರ್ ಸಾಕು.

ಟ್ಯೂಬ್‌ನ ಒಳಗೇನಿದೆ

ಸ್ಕಿನ್ ಟಿಂಟ್, ಟಿಂಟೆಡ್ ಮಾಯಿಶ್ಚರೈಸರ್, ಬಿಬಿ ಕ್ರೀಮ್, ಸೀರಮ್ ಟಿಂಟ್ ಎಂಬ ಹೆಸರುಗಳ ನಡುವೆ ಗಟ್ಟಿಯಾದ ಗಡಿಯೇನೂ ಇಲ್ಲ. ಬಿಬಿ ಕ್ರೀಮ್‌ನ ಮೂಲವನ್ನು 1960ರ ದಶಕದ ಜರ್ಮನಿಯಲ್ಲಿ ಚರ್ಮವೈದ್ಯೆ ಕ್ರಿಸ್ಟೀನ್ ಶ್ರಾಮೆಕ್ ತಯಾರಿಸಿದ ಮುಲಾಮಿನಲ್ಲಿ ಗುರುತಿಸುತ್ತಾರೆ. ಚಿಕಿತ್ಸೆಯ ನಂತರ ಕೆಂಪಾದ ಚರ್ಮವನ್ನು ಮರೆಮಾಡಿ, ಜೊತೆಗೇ ಆರೈಕೆ ಮಾಡುವುದು ಅದರ ಉದ್ದೇಶವಾಗಿತ್ತು. ಮುಂದೆ ದಕ್ಷಿಣ ಕೊರಿಯಾದಲ್ಲಿ ಜನಪ್ರಿಯವಾಗಿ ಎಲ್ಲೆಡೆ ಹರಡಿತು. ಇಂದು ಆ ಹೆಸರಿನ ಒಂದು ಟ್ಯೂಬ್ ಗಟ್ಟಿ ಫೌಂಡೇಶನ್‌ನಂತಿದ್ದರೆ ಇನ್ನೊಂದು ನೀರಿನಷ್ಟು ತೆಳುವಾಗಿರಬಹುದು. ಆದ್ದರಿಂದ ಹೆಸರು ಬಿಟ್ಟು ಬೇಸ್, ಅಂದರೆ ಬಣ್ಣದ ಪುಡಿ ಬೆರೆತಿರುವ ದ್ರವ ಯಾವುದೆಂದು ನೋಡಿ.

ಬೇಸ್ ಸ್ಥೂಲವಾಗಿ ಮೂರು ಬಗೆ: ನೀರಿನದು, ಸಿಲಿಕೋನ್‌ನದು, ಎಣ್ಣೆಯದು. ಪಟ್ಟಿಯಲ್ಲಿ ಮೊದಲು ನೀರು ಇದೆ ಎಂದ ಮಾತ್ರಕ್ಕೆ ಅದು ನೀರಿನ ಬೇಸ್ ಆಗಬೇಕಿಲ್ಲ. ಸಿಲಿಕೋನ್‌ನೊಳಗೆ ನೀರಿನ ಹನಿಗಳನ್ನು ಹಿಡಿದಿಟ್ಟ ಮಿಶ್ರಣಗಳಲ್ಲೂ ನೀರೇ ಮೊದಲಿರಬಹುದು. ಎರಡನೆಯದರಿಂದ ಐದನೆಯದರವರೆಗೆ ಓದಿ. ಡೈಮೆಥಿಕೋನ್, ಅದರ ಜೊತೆ ಹೆಚ್ಚಾಗಿ ಬಳಸುವ ಐಸೋಡೋಡೆಕೇನ್ ಇದ್ದರೆ ಸಿಲಿಕೋನ್ ಕುಟುಂಬ. ಸ್ಕ್ವಾಲೇನ್, ಕ್ಯಾಪ್ರಿಲಿಕ್ ಟ್ರೈಗ್ಲಿಸರೈಡ್ ಇದ್ದರೆ ಎಣ್ಣೆಯ ಕಡೆಯದು. ಗ್ಲಿಸರಿನ್ ಮತ್ತು ಜೆಲ್ ಕಟ್ಟುವ ಅಂಟುಗಳಷ್ಟೇ ಇದ್ದರೆ ನೀರಿನದು. ಓದಿದರೂ ಗೊತ್ತಾಗದಿದ್ದರೆ ಒಂದು ಸುಲಭ ಪರೀಕ್ಷೆ ಇದೆ: ಲೋಟದಲ್ಲಿ ಸ್ವಲ್ಪ ನೀರು ತೆಗೆದುಕೊಂಡು ಒಂದು ಹನಿ ಟಿಂಟ್ ಬಿಟ್ಟು ಮೆಲ್ಲಗೆ ಕಲಕಿ. ನೀರೆಲ್ಲ ಒಂದೇ ಬಣ್ಣಕ್ಕೆ ತಿರುಗಿದರೆ ನೀರಿನ ಬೇಸ್. ಹನಿ ಕರಗದೆ ಹಾಗೇ ನಿಂತರೆ ಸಿಲಿಕೋನ್ ಅಥವಾ ಎಣ್ಣೆ.

ನೀರಿನ ಬೇಸ್ ಹಗುರ, ಆದರೆ ಬೇಗ ಒಣಗುತ್ತದೆ. ಇಡೀ ಮುಖಕ್ಕೆ ಚುಕ್ಕೆ ಇಟ್ಟು ನಿಧಾನವಾಗಿ ಹರಡಲು ಹೋದರೆ ಕೊನೆಯ ಚುಕ್ಕೆ ತಲುಪುವಷ್ಟರಲ್ಲಿ ಅದು ಆರಿ ಗುರುತು ಉಳಿಯುತ್ತದೆ. ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಹೋಗಬೇಕು. ಸಿಲಿಕೋನ್ ಬೇಸ್ ರಂಧ್ರಗಳನ್ನು ನವಿರಾಗಿ ತೋರಿಸುತ್ತದೆ, ಕೈಗೆ ಸಮಯ ಕೊಡುತ್ತದೆ, ಜಿಡ್ಡು ಚರ್ಮದ ಮೇಲೂ ಚೆನ್ನಾಗಿ ನಿಲ್ಲುತ್ತದೆ. ಎಣ್ಣೆಯದು ಒಣ ಚರ್ಮಕ್ಕೆ ಬಹಳ ಒಪ್ಪುತ್ತದೆ, ಆದರೆ ಪೂರ್ತಿ ಆರುವುದೇ ಇಲ್ಲ. ಫೋನಿಗೆ, ಕಾಲರಿಗೆ ಅಂಟುತ್ತದೆ. ಮೊದಲ ಸಲ ಕೊಳ್ಳುವವರಿಗೆ ಸಿಲಿಕೋನ್ ಬೇಸ್‌ನದೇ ಸುಲಭ ಎನ್ನುತ್ತೇನೆ.

ಶೇಡ್ ಆರಿಸುವುದು

ಪದರ ತೆಳುವಾದ್ದರಿಂದ ಅರ್ಧ ಶೇಡ್ ಆಚೀಚೆ ಆದರೂ ನಡೆಯುತ್ತದೆ. ಟಿಂಟ್‌ಗಳಲ್ಲಿ ಶೇಡ್‌ಗಳ ಸಂಖ್ಯೆ ಕಡಿಮೆ ಇರುವುದು ಇದೇ ಧೈರ್ಯದಲ್ಲಿ. ಆದರೆ ಈ ಸಡಿಲಿಕೆ ಎರಡೂ ದಿಕ್ಕಿಗೆ ಸಮನಲ್ಲ. ಕಂದು, ಗಾಢ ಕಂದು ಚರ್ಮದ ಮೇಲೆ ತಿಳಿ ಶೇಡ್ ಹಚ್ಚಿದರೆ ಅದರಲ್ಲಿರುವ ಹೆಚ್ಚಿನ ಟೈಟಾನಿಯಂ ಡೈಆಕ್ಸೈಡ್ ಬೂದಿ ಬಳಿದ ಹಾಗೆ ಬಿಳಿಚಿ ಕಾಣುತ್ತದೆ. ಅರ್ಧ ಶೇಡ್ ಗಾಢವಾದರೆ ಮುಖ ತುಸು ಬಿಸಿಲಿಗೆ ಹೋಗಿ ಬಂದಂತೆ ಕಾಣಬಹುದು, ಅಷ್ಟೇ. ಎರಡರ ನಡುವೆ ಅನುಮಾನ ಬಂದಾಗ ಗಾಢವಾದದ್ದನ್ನೇ ತೆಗೆದುಕೊಳ್ಳಿ.

ನಮ್ಮಲ್ಲಿ ಹೆಚ್ಚಿನವರ ಮುಖದ ಬಣ್ಣ ಎಲ್ಲ ಕಡೆ ಒಂದೇ ಅಲ್ಲ. ಹಣೆ, ಕಪೋಲದ ಹೊರ ಅಂಚು, ತುಟಿಯ ಸುತ್ತ ಗಾಢ. ಕೆನ್ನೆಯ ನಡುಭಾಗ ತಿಳಿ. ಕೆನ್ನೆಯ ನಡುಭಾಗಕ್ಕೆ ಹೊಂದಿಸಿ ಕೊಂಡರೆ ಹಣೆಯ ಮೇಲೆ ಅದೇ ಟಿಂಟ್ ಬೂದಾಗುತ್ತದೆ. ಆದ್ದರಿಂದ ಕೆನ್ನೆಯ ಹೊರಬದಿಯಿಂದ ದವಡೆ ದಾಟಿ ಕುತ್ತಿಗೆಗೆ ಇಳಿಯುವಂತೆ ಎರಡು ಮೂರು ಶೇಡ್‌ಗಳ ಗೆರೆ ಪಕ್ಕಪಕ್ಕದಲ್ಲಿ ಎಳೆಯಿರಿ. ಮಣಿಕಟ್ಟಿನ ಒಳಭಾಗದಲ್ಲಿ ನೋಡಬೇಡಿ. ಬಿಸಿಲು ಕಾಣದ ಆ ಚರ್ಮ ಮುಖಕ್ಕಿಂತ ತಿಳಿಯಾಗಿರುತ್ತದೆ. ಕಿಟಕಿಯ ಬಳಿ, ನೇರ ಬಿಸಿಲಿಲ್ಲದ ಹಗಲ ಬೆಳಕಿನಲ್ಲಿ ನಿಂತು ನೋಡಿ. ಅಂಗಡಿಯ ಹಳದಿ ದೀಪದಲ್ಲಿ ಎಲ್ಲ ಶೇಡೂ ಹೊಂದಿದಂತೆ ಕಾಣುತ್ತವೆ. ಹಚ್ಚಿದ ತಕ್ಷಣ ತೀರ್ಮಾನಿಸಬೇಡಿ, 15 ನಿಮಿಷ ಬಿಡಿ.

ಈ 15 ನಿಮಿಷಕ್ಕೆ ಕಾರಣವಿದೆ. ಟಿಂಟ್ ಆರುತ್ತಾ ಆರುತ್ತಾ ಗಾಢವಾಗುತ್ತದೆ, ಕೆಲವೊಮ್ಮೆ ಕಿತ್ತಳೆಗೆ ತಿರುಗುತ್ತದೆ. ಇದನ್ನು ಆಕ್ಸಿಡೈಸ್ ಆಯಿತು ಎನ್ನುವುದು ರೂಢಿ. ಆದರೆ ಐರನ್ ಆಕ್ಸೈಡ್ ಬಾಟಲಿಯೊಳಗೇ ಆಕ್ಸೈಡ್ ಆಗಿರುತ್ತದೆ, ಗಾಳಿಗೆ ಬಂದು ಹೊಸದಾಗಿ ಆಗುವುದೇನಿಲ್ಲ. ಬೇಗ ಆವಿಯಾಗುವ ದ್ರವ ಹೋದಂತೆ ಪುಡಿ ಒತ್ತೊತ್ತಾಗುತ್ತದೆ, ಚರ್ಮದ ಜಿಡ್ಡು ಆ ಪುಡಿಯನ್ನು ನೆನೆಸುತ್ತದೆ. ಒದ್ದೆ ಮಣ್ಣು ಒಣ ಮಣ್ಣಿಗಿಂತ ಕಪ್ಪಾಗಿ ಕಾಣುವ ಹಾಗೆ ಬಣ್ಣ ಗಾಢವಾಗುತ್ತದೆ. ಜಿಡ್ಡು ಹೆಚ್ಚಿರುವವರಿಗೆ ಇದು ಹೆಚ್ಚು. ಹಚ್ಚುವ ಮೊದಲು ಟಿಶ್ಯೂ ಒತ್ತಿ ಜಿಡ್ಡು ತೆಗೆದರೆ ತುಸು ಕಡಿಮೆಯಾಗುತ್ತದೆ.

ಅಂಡರ್‌ಟೋನ್, ಅಂದರೆ ಚರ್ಮದ ಒಳಛಾಯೆಯ ವಿಚಾರದಲ್ಲಿ ಕೈನರ ಹಸಿರೋ ನೀಲಿಯೋ ಎಂದು ನೋಡುವ ಸೂತ್ರವನ್ನು ನಾನು ನೆಚ್ಚುವುದಿಲ್ಲ. ಗಾಢ ಚರ್ಮದಲ್ಲಿ ನರ ಸರಿಯಾಗಿ ಕಾಣುವುದೇ ಇಲ್ಲ. ಒಂದೇ ಗಾಢತೆಯ ಎರಡು ಶೇಡ್ ತೆಗೆದುಕೊಳ್ಳಿ, ಒಂದು ಗುಲಾಬಿ ಕಡೆಯದು, ಒಂದು ಹಳದಿ ಕಡೆಯದು. ದವಡೆಯ ಮೇಲೆ ಪಕ್ಕಪಕ್ಕದಲ್ಲಿ ಹಚ್ಚಿದಾಗ ಯಾವುದು ಮಾಯವಾಗುತ್ತದೋ ಅದೇ ನಿಮ್ಮದು. ಎರಡೂ ಕಿತ್ತಳೆಯಾಗಿಯೋ ಗುಲಾಬಿಯಾಗಿಯೋ ಎದ್ದು ಕಂಡರೆ ನಿಮ್ಮದು ಹಸಿರು ಛಾಯೆಯ ಆಲಿವ್ ಚರ್ಮ ಇರಬಹುದು. ಅಂಥವರು ಬಣ್ಣ ಹೊಂದಿಸಲೆಂದೇ ಸಿಗುವ ನೀಲಿ ಮಿಕ್ಸರನ್ನು ಸೂಜಿಮೊನೆಯಷ್ಟು ಸೇರಿಸಿದರೆ ಕಿತ್ತಳೆ ಇಳಿಯುತ್ತದೆ.

ಎಸ್‌ಪಿಎಫ್ ಬರೆದಿದೆ ಎಂದು ಸನ್‌ಸ್ಕ್ರೀನ್ ಬಿಡಬೇಡಿ

ಈ ಒಂದು ವಿಷಯದಲ್ಲಿ ರಾಜಿ ಇಲ್ಲ. ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ಹೇಳುವ ಎಸ್‌ಪಿಎಫ್ ಸಂಖ್ಯೆಯನ್ನು ಪರೀಕ್ಷಿಸುವಾಗ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಆ ಲೆಕ್ಕಕ್ಕೆ ಮುಖವೊಂದಕ್ಕೇ ಹತ್ತಿರ ಹತ್ತಿರ 1 ಗ್ರಾಂ, ಮುಖ ದೊಡ್ಡದಾದರೆ ಇನ್ನೂ ಹೆಚ್ಚು ಬೇಕು. ಟಿಂಟ್ ಹಚ್ಚುವುದು ಅದರ ಮೂರನೇ ಒಂದು ಪಾಲಿನ ಆಸುಪಾಸು. ಅಂದರೆ ಟ್ಯೂಬ್ ಮೇಲೆ 30 ಎಂದಿದ್ದರೂ ಮುಖದ ಮೇಲೆ ಅಷ್ಟು ರಕ್ಷಣೆ ಇರುವುದಿಲ್ಲ. ಸನ್‌ಸ್ಕ್ರೀನ್ ಬೇರೆಯಾಗಿ, ಪೂರ್ತಿ ಪ್ರಮಾಣದಲ್ಲಿ ಹಚ್ಚಿ, 10ರಿಂದ 15 ನಿಮಿಷ ಬಿಟ್ಟು ಮೇಲೆ ಟಿಂಟ್ ಹಚ್ಚಿ. ಸಮಯ ಉಳಿಸಲೆಂದು ಎರಡನ್ನೂ ಅಂಗೈಯಲ್ಲಿ ಬೆರೆಸುವವರಿದ್ದಾರೆ. ಹಾಗೆ ಬೆರೆಸಿದರೆ ಸನ್‌ಸ್ಕ್ರೀನ್ ಚರ್ಮದ ಮೇಲೆ ಸಮನಾದ ಪದರ ಕಟ್ಟುವುದಿಲ್ಲ, ರಕ್ಷಣೆ ಎಲ್ಲಿ ಎಷ್ಟಿದೆ ಎಂದು ಹೇಳುವುದೇ ಕಷ್ಟ.

ಹಾಗೆಂದು ಟಿಂಟ್‌ನಿಂದ ಬಿಸಿಲಿನ ಮಟ್ಟಿಗೆ ಏನೂ ಉಪಯೋಗವಿಲ್ಲ ಎಂದಲ್ಲ. ಬಿಳಿ ಸನ್‌ಸ್ಕ್ರೀನ್‌ಗಳು ಹೆಚ್ಚಾಗಿ ತಡೆಯುವುದು ಅತಿನೇರಳೆ ಕಿರಣಗಳನ್ನು. ಕಣ್ಣಿಗೆ ಕಾಣುವ ಬೆಳಕು, ಅದರಲ್ಲೂ ನೀಲಿ ಭಾಗ, ಕಂದು ಚರ್ಮದಲ್ಲಿ ಕಪ್ಪು ಕಲೆಗಳನ್ನು ಮತ್ತು ಬಂಗನ್ನು ಹೆಚ್ಚಿಸುತ್ತದೆ. ಅದನ್ನು ತಡೆಯುವ ಗುಣ ಐರನ್ ಆಕ್ಸೈಡ್‌ಗಳಿಗಿದೆ. ಬಂಗು ಇರುವವರು ತೆಳುವಾದ ಟಿಂಟ್ ಒಂದನ್ನೇ ನಂಬದೆ, ಬಣ್ಣ ಬೆರೆತ ಸನ್‌ಸ್ಕ್ರೀನನ್ನೇ ಪೂರ್ತಿ ಪ್ರಮಾಣದಲ್ಲಿ ಹಚ್ಚಿ, ಅದನ್ನೇ ಟಿಂಟ್ ಎಂದು ಬಳಸುವುದು ಒಳ್ಳೆಯದು.

ಹಚ್ಚುವ ಕ್ರಮ

ಮುಖ ತೊಳೆದು, ಮಾಯಿಶ್ಚರೈಸರ್ ತೆಳುವಾಗಿ ಹಚ್ಚಿ, 5 ನಿಮಿಷ ಬಿಟ್ಟು ಸನ್‌ಸ್ಕ್ರೀನ್. ಅದು ಕೂತಿದೆಯೇ ಎಂದು ತಿಳಿಯಲು ಬೆರಳಿನ ಹಿಂಭಾಗವನ್ನು ಕೆನ್ನೆಗೆ ತಾಗಿಸಿ. ಜಾರಿದರೆ ಅಥವಾ ಅಂಟಿದರೆ ಇನ್ನೂ ಕಾಯಬೇಕು. ಹಣೆ, ಮೂಗು, ಗದ್ದದ ಮೇಲೆ ಒಂದು ಪದರ ಟಿಶ್ಯೂ ಒತ್ತಿ ತೆಗೆಯಿರಿ, ಉಜ್ಜಬೇಡಿ.

ಬಾಟಲಿಯನ್ನು 10 ಸೆಕೆಂಡ್ ಚೆನ್ನಾಗಿ ಅಲ್ಲಾಡಿಸಿ. ತೆಳು ದ್ರವದಲ್ಲಿ ಬಣ್ಣದ ಪುಡಿ ಅಡಿಗೆ ಇಳಿದು ಕೂರುತ್ತದೆ. ಕೆಲವು ಬಾಟಲಿಗಳಲ್ಲಿ ಗುಂಡು ಸದ್ದಾಗುವುದು ಇದಕ್ಕೇ ಇಟ್ಟದ್ದು. ಅಲ್ಲಾಡಿಸದೆ ಬಳಸಿದರೆ ಮೊದಲ ತಿಂಗಳು ಬಣ್ಣವೇ ಇಲ್ಲದ ನೀರು, ಕೊನೆಗೆ ಗಟ್ಟಿ ಬಣ್ಣ ಸಿಗುತ್ತದೆ. ಆಮೇಲೆ ಕಂಪನಿ ಫಾರ್ಮುಲಾ ಬದಲಿಸಿದೆ ಎಂದು ಅನುಮಾನ ಪಡುವುದು.

ಡ್ರಾಪರ್ ಆದರೆ 4ರಿಂದ 6 ಹನಿ, ಪಂಪ್ ಆದರೆ ಒಂದು ಪಂಪ್ ಇಡೀ ಮುಖಕ್ಕೆ ಸಾಕು. ನೇರ ಮುಖಕ್ಕೆ ಹಾಕದೆ ಕೈಯ ಹಿಂಭಾಗಕ್ಕೆ ತೆಗೆದುಕೊಳ್ಳಿ. ಅರ್ಧದಷ್ಟನ್ನು ಮೊದಲು ಮೂಗಿನ ಎರಡು ಬದಿ, ಗದ್ದ, ಹಣೆಯ ನಡುವೆ ಇಟ್ಟು, ನಡುಬೆರಳು ಮತ್ತು ಉಂಗುರ ಬೆರಳಿನಿಂದ ಹೊರಗಿನ ಕಡೆಗೆ ಮೆಲ್ಲಗೆ ಎಳೆದು, ಕೊನೆಯಲ್ಲಿ ಒತ್ತಿ ಕೂರಿಸಿ. ಕೂದಲಂಚು ಮತ್ತು ಕಿವಿಯ ಹತ್ತಿರ ಬರುವಷ್ಟರಲ್ಲಿ ಬೆರಳಲ್ಲಿ ಬಹುತೇಕ ಏನೂ ಉಳಿದಿರಬಾರದು. ಮುಖದ ನವಿರು ಕೂದಲು ಕೆಳಮುಖವಾಗಿ ಬೆಳೆದಿರುತ್ತದೆ, ಆದ್ದರಿಂದ ಕೊನೆಯ ಸವರುವಿಕೆ ಕೆಳಮುಖವಾಗಿರಲಿ. ಮೇಲ್ಮುಖವಾಗಿ ಎಳೆದರೆ ಕೂದಲಿನ ಬುಡದಲ್ಲಿ ಬಣ್ಣ ಸಿಕ್ಕಿಕೊಂಡು ಕೂದಲು ಎದ್ದು ಕಾಣುತ್ತದೆ. ಕಣ್ಣಿನ ಕೆಳಗೆ ಬೆರಳಲ್ಲಿ ಉಳಿದದ್ದಷ್ಟೇ. ಅಲ್ಲಿ ಪದರ ದಪ್ಪವಾದರೆ ನಕ್ಕಾಗ ಗೆರೆ ಬೀಳುತ್ತದೆ.

ಟಿಂಟ್‌ಗೆ ಬೆರಳೇ ಅತ್ಯುತ್ತಮ ಸಾಧನ. ಮೈಬಿಸಿಗೆ ಅದು ಚರ್ಮದೊಡನೆ ಬೇಗ ಹೊಂದುತ್ತದೆ. ಸ್ವಲ್ಪ ಹೆಚ್ಚು ಮುಚ್ಚಬೇಕೆನಿಸಿದರೆ ಒತ್ತಾದ ಮೆತ್ತನೆಯ ಕೂದಲಿನ ಬ್ರಷ್‌ನಿಂದ ತಟ್ಟಿ. ಒದ್ದೆ ಸ್ಪಂಜು ಟಿಂಟನ್ನು ಹಚ್ಚುವುದಕ್ಕಿಂತ ಹೆಚ್ಚಾಗಿ ಕುಡಿಯುತ್ತದೆ. ಹೆಚ್ಚಾದದ್ದನ್ನು ಎತ್ತಲು ಮಾತ್ರ ಅದು ಇರಲಿ.

ಒಂದು ನಿಮಿಷ ಬಿಟ್ಟು ಕನ್ನಡಿಯಿಂದ ಒಂದು ಮೊಳ ದೂರದಲ್ಲಿ ನೋಡಿ. ಇನ್ನೂ ಬೇಕೆನಿಸಿದರೆ ಉಳಿದ ಅರ್ಧವನ್ನು ಮುಖದ ನಡುಭಾಗಕ್ಕಷ್ಟೇ ಹಾಕಿ. ಮೂರನೇ ಪದರ ಬೇಡ. ಅಲ್ಲಿಂದ ಮುಂದೆ ಕನ್ಸೀಲರ್‌ನ ಕೆಲಸ, ಅದೂ ಟಿಂಟ್ ಆದಮೇಲೆಯೇ. ಮೊದಲೇ ಹಚ್ಚಿದರೆ ಟಿಂಟ್ ಸವರುವಾಗ ಅಳಿಸಿಹೋಗುತ್ತದೆ. ಸಣ್ಣ ತುದಿಯ ಬ್ರಷ್‌ನಿಂದ ಕಲೆಯ ಮೇಲೆ ಮಾತ್ರ ಚುಕ್ಕೆ ಇಟ್ಟು, ಅರ್ಧ ನಿಮಿಷ ಬಿಟ್ಟು, ಅಂಚುಗಳನ್ನಷ್ಟೇ ತಟ್ಟಿ ಬೆರೆಸಿ. ನಡುಭಾಗ ಮುಟ್ಟಬೇಡಿ. ಕಣ್ಣಿನ ಕೆಳಗೆ ನೀಲಿ ಮಿಶ್ರಿತ ಕಪ್ಪು ಇದ್ದರೆ ಕನ್ಸೀಲರ್‌ಗಿಂತ ಮೊದಲು ಪೀಚ್ ಅಥವಾ ಕಿತ್ತಳೆ ಕರೆಕ್ಟರ್ ತೆಳುವಾಗಿ ಬೇಕು, ಇಲ್ಲದಿದ್ದರೆ ಬೂದು ಬಣ್ಣ ಹಾಗೇ ಇಣುಕುತ್ತದೆ. ಕೆನ್ನೆಗೆ ಕ್ರೀಮ್ ಬ್ಲಶ್ ಹಚ್ಚುವುದಿದ್ದರೆ ಅದೂ ಪೌಡರ್‌ಗಿಂತ ಮೊದಲೇ. ಪೌಡರ್ ಮೂಗಿನ ಬದಿ, ಹಣೆಯ ನಡು, ಗದ್ದಕ್ಕೆ ಸಾಕು. ಒಣ ಚರ್ಮಕ್ಕೆ ಅದೂ ಬೇಡ.

ಎಲ್ಲಿ ಕೆಡುತ್ತದೆ, ಏಕೆ

ಸವರುವಾಗಲೇ ಚಿಕ್ಕ ಚಿಕ್ಕ ಸುರುಳಿಯಾಗಿ ಏಳುವುದು ಎಲ್ಲಕ್ಕಿಂತ ಸಾಮಾನ್ಯ. ಕೆಳಗಿನ ಪದರ ಆರಿಲ್ಲದಿರುವುದು ಒಂದು ಕಾರಣ. ಕೆಳಗಿನ ಜೆಲ್ ಮಾಯಿಶ್ಚರೈಸರ್‌ನಲ್ಲಿ ಕಾರ್ಬೋಮರ್, ಕ್ಸಾಂಥಾನ್ ಗಮ್‌ನಂಥ ಅಂಟುಗಳು ಹೆಚ್ಚಿದ್ದು, ಅದರ ಮೇಲೆ ಸಿಲಿಕೋನ್ ಟಿಂಟನ್ನು ಉಜ್ಜುವುದು ಇನ್ನೊಂದು. ಯಾವುದು ತಪ್ಪುತ್ತಿದೆ ಎಂದು ಹುಡುಕಲು ಮುಖವನ್ನೇ ಬಳಸಬೇಕಿಲ್ಲ: ಮುಂಗೈ ಮೇಲೆ ಮಾಯಿಶ್ಚರೈಸರ್ ಮತ್ತು ಟಿಂಟ್ ಒಂದು ಕಡೆ, ಸನ್‌ಸ್ಕ್ರೀನ್ ಮತ್ತು ಟಿಂಟ್ ಇನ್ನೊಂದು ಕಡೆ, ಬರಿ ಟಿಂಟ್ ಮತ್ತೊಂದು ಕಡೆ ಹಚ್ಚಿ ಉಜ್ಜಿ ನೋಡಿ. ಸುರುಳಿ ಎದ್ದ ಜೋಡಿಯನ್ನು ಬಿಡಿಸಿ. ಬಿಡಿಸಲಾಗದಿದ್ದರೆ ಎರಡರ ಪ್ರಮಾಣವನ್ನೂ ತಗ್ಗಿಸಿ, ಸವರದೆ ಒತ್ತಿ ಹಚ್ಚಿ.

ಮೂಗಿನ ಪಕ್ಕ, ಹುಬ್ಬುಗಳ ನಡುವೆ ಚಕ್ಕೆಚಕ್ಕೆಯಾಗಿ ಹಿಡಿದರೆ ಅಲ್ಲಿ ಒಣಗಿದ ಚರ್ಮವಿದೆ ಎಂದರ್ಥ. ಇನ್ನಷ್ಟು ಟಿಂಟ್ ಹಾಕಿದರೆ ಚಕ್ಕೆ ದೊಡ್ಡದಾಗುತ್ತದೆ. ಹಿಂದಿನ ರಾತ್ರಿಯೇ ಆ ಜಾಗಕ್ಕೆ ದಪ್ಪ ಕ್ರೀಮ್ ಹಚ್ಚಿ ಮಲಗುವುದು ಸರಿಯಾದ ದಾರಿ. ಮೊಡವೆಗೆ ರೆಟಿನಾಯ್ಡ್ ಬಳಸುವವರಿಗೆ ಇದು ಆಗಾಗ ಆಗುತ್ತದೆ, ಅವರಿಗೆ ಎಣ್ಣೆ ಬೇಸ್ ಅಥವಾ ಕ್ರೀಮ್‌ನಂಥ ಟಿಂಟ್ ಹೊಂದುತ್ತದೆ.

ಬೆವರಿದಾಗ ಬಣ್ಣ ಒಡೆಯುವುದು ಸಹಜ. ಟಿಶ್ಯೂ ಒತ್ತಿ ಬೆವರು, ಜಿಡ್ಡು ತೆಗೆದು, ಬೆರಳಿನಿಂದ ತಟ್ಟಿ ಅಂಚು ಸರಿಪಡಿಸಿ. ಬೆವರಿನ ಮೇಲೆಯೇ ಪೌಡರ್ ಹಾಕಿದರೆ ಕಲಸಿದಂತಾಗಿ ತೇಪೆ ಬೀಳುತ್ತದೆ. ಹೊರಗೆ ಇರುವಾಗ ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಮತ್ತೆ ಹಚ್ಚಬೇಕಾದರೂ ಇದೇ ಕ್ರಮ: ಮೊದಲು ಟಿಶ್ಯೂ, ಆಮೇಲೆ ಸ್ಪಂಜಿನಿಂದ ತಟ್ಟಿ ತಟ್ಟಿ ಸನ್‌ಸ್ಕ್ರೀನ್. ಕೆಳಗಿನ ಟಿಂಟ್ ಸ್ವಲ್ಪ ಹೋದರೆ ಹೋಗಲಿ.

ಫೋಟೊದಲ್ಲಿ ಮುಖ ಮಾತ್ರ ಬೆಳ್ಳಗೆ ಬಂದರೆ, ಸನ್‌ಸ್ಕ್ರೀನ್‌ನ ಬಿಳಿ ಖನಿಜವೋ ಬಿಳಿ ಸಿಲಿಕಾ ಪೌಡರೋ ಫ್ಲ್ಯಾಶ್ ಬೆಳಕನ್ನು ಹಿಂದಕ್ಕೆ ತೂರುತ್ತಿದೆ. ಫ್ಲ್ಯಾಶ್ ಬಳಸುವ ದಿನ ಬಣ್ಣವಿರುವ ಪೌಡರ್ ಬಳಸಿ.

ಮೊಡವೆ ಬರುವ ಚರ್ಮದವರು "ನಾನ್ ಕಾಮೆಡೋಜೆನಿಕ್" (ರಂಧ್ರ ಮುಚ್ಚಿಸುವುದಿಲ್ಲ) ಎಂಬ ಬರಹವನ್ನು ಖಾತರಿ ಎಂದು ತಿಳಿಯಬೇಡಿ. ಅದಕ್ಕೆ ಎಲ್ಲರೂ ಪಾಲಿಸಲೇಬೇಕಾದ ಒಂದೇ ಪರೀಕ್ಷೆ ಇಲ್ಲ. ಮೊಣಕೈ ಒಳಮಡಿಕೆಯಲ್ಲಿ ದಿನಕ್ಕೆ ಎರಡು ಸಲದಂತೆ 7ರಿಂದ 10 ದಿನ ಹಚ್ಚಿ ನೋಡಿದರೆ ತುರಿಕೆ, ಕೆಂಪು ತಿಳಿಯುತ್ತದೆ. ಮೊಡವೆ ಏಳುತ್ತದೆಯೇ ಎಂಬುದು ಮುಖದ ಮೇಲೆ ಕೆಲವು ವಾರ ಬಳಸಿದಾಗಲೇ ಗೊತ್ತಾಗುವುದು. ಆ ವಾರಗಳಲ್ಲಿ ಬೇರೆ ಯಾವ ಹೊಸ ವಸ್ತುವನ್ನೂ ಶುರುಮಾಡಬೇಡಿ.

ರಾತ್ರಿ ತೆಗೆಯುವಾಗ ತೆಳುವಾಗಿದೆ ಎಂದು ಬರಿ ಫೇಸ್‌ವಾಶ್ ಸಾಕೆನ್ನಬೇಡಿ. ಸಿಲಿಕೋನ್, ಎಣ್ಣೆ ಬೇಸ್ ಆಗಿದ್ದರೆ ಕ್ಲೆನ್ಸಿಂಗ್ ಆಯಿಲನ್ನು ಒಣ ಮುಖಕ್ಕೆ, ಒಣ ಕೈಯಿಂದ ಅರ್ಧ ನಿಮಿಷದಷ್ಟು ಮೃದುವಾಗಿ ತೀಡಿ, ಆಮೇಲೆ ಸ್ವಲ್ಪ ನೀರು ಸೇರಿಸಿ ಬಿಳಿಯಾಗುವವರೆಗೆ ತೀಡಿ ತೊಳೆದು, ನಂತರ ಫೇಸ್‌ವಾಶ್. ಒದ್ದೆ ಮುಖಕ್ಕೆ ಹಚ್ಚಿದ ಎಣ್ಣೆ ಮೇಕಪ್ ಕರಗಿಸುವ ಮೊದಲೇ ನೀರಿನೊಡನೆ ಬೆರೆತುಹೋಗುತ್ತದೆ. ಕೂದಲಂಚು, ದವಡೆಯ ಕೆಳಗೆ ಮರೆಯಬೇಡಿ.

ಮನೆಯಲ್ಲಿ ಫೌಂಡೇಶನ್ ಇದ್ದರೆ ಟಿಂಟ್ ಕೊಳ್ಳದೆಯೂ ಆಗುತ್ತದೆ. ಒಂದು ಪಾಲು ಫೌಂಡೇಶನ್‌ಗೆ ಎರಡು ಪಾಲು ಮಾಯಿಶ್ಚರೈಸರ್, ಅಂಗೈಯಲ್ಲಿ ಆ ಹೊತ್ತಿಗೆ ಬೇಕಾದಷ್ಟು ಮಾತ್ರ. ಎರಡರ ಬೇಸ್ ಒಂದೇ ಜಾತಿಯದಾಗಿರಬೇಕು, ಇಲ್ಲದಿದ್ದರೆ ಬೆರೆತ ಕೂಡಲೇ ಹರಳುಹರಳಾಗಿ ಒಡೆಯಬಹುದು. ಬೆರೆಸಿ ಡಬ್ಬಿಯಲ್ಲಿ ತುಂಬಿಡಬೇಡಿ: ಎರಡರಲ್ಲೂ ಇರುವ ಸಂರಕ್ಷಕಗಳು ತಂತಮ್ಮ ಮಿಶ್ರಣಕ್ಕೆ ಲೆಕ್ಕ ಹಾಕಿ ಸೇರಿಸಿದವು, ಬೆರೆಸಿದಾಗ ಆ ಲೆಕ್ಕ ತಪ್ಪುತ್ತದೆ. ಕೊಂಡ ಟಿಂಟ್ ಆದರೆ ಬಾಟಲಿಯ ಮೇಲೆ ತೆರೆದ ಡಬ್ಬಿಯ ಚಿತ್ರದೊಳಗೆ 6ಎಂ ಅಥವಾ 12ಎಂ ಎಂದಿರುವುದು ತೆರೆದ ಮೇಲೆ ಬಳಸಬಹುದಾದ ತಿಂಗಳುಗಳು. ತೆರೆದ ದಿನಾಂಕವನ್ನು ತಳದಲ್ಲಿ ಬರೆದಿಡಿ. ಅಲ್ಲಾಡಿಸಿದರೂ ಎಣ್ಣೆ ಬೇರೆಯಾಗಿಯೇ ನಿಂತರೆ, ವಾಸನೆ ಬದಲಾದರೆ, ತಿಂಗಳು ಉಳಿದಿದ್ದರೂ ಎಸೆಯಿರಿ.